ಎಡಗೈಯ ರೊಟ್ಟಿ

ನಾನು ತೆಗೆದ ಮೊದಲ ಚಿತ್ರ ಒಂಬತ್ತು ನಿಮಿಷದ್ದು. ಅದರಲ್ಲಿ ಮಾತಿಲ್ಲ, ಹಾಡಿಲ್ಲ, ಕತೆಯೂ ಇಲ್ಲ. ಒಬ್ಬ ಹೆಂಗಸು ಜೋಳದ ರೊಟ್ಟಿ ಬಡಿಯುತ್ತಾಳೆ, ಗಂಡಸರು ಬಂದು ಉಣ್ಣುತ್ತಾರೆ, ಅಷ್ಟೇ. ಆದರೂ ಅದನ್ನು ತೋರಿಸಿದ ದಿನ ಬೆವೆತಷ್ಟು ನಾನು ಮುಂದೆ ಯಾವತ್ತೂ ಬೆವೆತವನಲ್ಲ.

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಹಗಲೆಲ್ಲ ನಾನು ಜೋಗೇಶ್ವರಿಯ ಒಂದು ಲ್ಯಾಬಿನಲ್ಲಿ ಫಿಲಂ ತೊಳೆಯುತ್ತಿದ್ದೆ. ಊಟ, ವಸತಿ ಎರಡೂ ಕುರ್ಲಾದ ಚಾಳಿನ ಒಂದು ಖಾನಾವಳಿಯಲ್ಲಿ. ಅದನ್ನು ನಡೆಸುತ್ತಿದ್ದವಳು ವಿಜಾಪುರದ ಕಡೆಯ ಹೆಂಗಸು. ನಮ್ಮಲ್ಲಿ ಯಾರಿಗೂ ನೆಂಟಳಲ್ಲ. ಆದರೂ ಅಲ್ಲಿ ಉಣ್ಣುತ್ತಿದ್ದ ಗಾರೆ ಕೆಲಸದ ಗೌಂಡಿಗಳು, ಹಮಾಲರು, ನಾನು, ಎಲ್ಲರೂ ಅವಳನ್ನು ದೊಡ್ಡವ್ವ ಎಂದೇ ಕರೆಯುತ್ತಿದ್ದೆವು. ಭಾಂಡುಪ್‌ನಿಂದ ಕೂಡ ರೈಲು ಹತ್ತಿ ಅವಳ ರೊಟ್ಟಿಗೆ ಬರುವವರಿದ್ದರು. ಗೋಡೆಗೆ ಬೋರ್ಡಿಲ್ಲ, ಖಾನಾವಳಿಗೆ ಹೆಸರಿಲ್ಲ. ಹೆಸರಿದ್ದದ್ದು ಅವಳ ಕೈಗೆ ಮಾತ್ರ.

ಲ್ಯಾಬಿನಲ್ಲಿ ಉಳಿದ ತುಂಡು ಫಿಲಮುಗಳನ್ನು ಕೂಡಿಟ್ಟು, ಗೆಳೆಯನ ಕ್ಯಾಮೆರಾ ಎರವಲು ತಂದು, ನಿನ್ನ ಚಿತ್ರ ತೆಗೆಯುತ್ತೇನೆ ಎಂದು ಒಂದು ದಿನ ಅವಳೆದುರು ನಿಂತೆ. ದೊಡ್ಡವ್ವ ಹಂಚಿನ ಮೇಲಿನ ರೊಟ್ಟಿಯಿಂದ ಕಣ್ಣು ತೆಗೆಯಲಿಲ್ಲ.

“ತಗಿ, ಬ್ಯಾಡನ್ನಂಗಿಲ್ಲ. ಖರೆ, ಮಂದಿಯೊಳಗ ನನ್ನ ಕೈ ಹೆಸರು ಕೆಡಸಿದಿ ಅಂದ್ರ ಮರುದಿನದಿಂದ ನಿನಗ ಈ ಮನ್ಯಾಗ ತಾಟಿಲ್ಲ ನೋಡು, ತಮ್ಮಾ.”

ಅವಳು ಚೇಷ್ಟೆಗೆ ಹೇಳುವ ಪೈಕಿ ಅಲ್ಲ. ಹಿಂದೊಮ್ಮೆ ಜೋಳದ ಹಿಟ್ಟಿಗೆ ಬೇರೆ ಹಿಟ್ಟು ಬೆರೆಸುತ್ತಾಳೆ ಎಂದು ಸುಳ್ಳು ಹಬ್ಬಿಸಿದವನನ್ನು ಚಾಳಿನ ಮೆಟ್ಟಿಲು ಹತ್ತಲು ಬಿಟ್ಟಿರಲಿಲ್ಲ.

ಅದೇ ವರ್ಷ ಫೋರ್ಟ್ ಕಡೆಯ ಕಾಲಾ ಘೋಡಾದಲ್ಲಿ ನನ್ನಂಥ ಹುಚ್ಚರು ಸೇರಿ ಒಂದು ಚಿತ್ರೋತ್ಸವ ಮಾಡಿದರು. ನಿರ್ಮಾಪಕರ ಹಂಗಿಲ್ಲದೆ ತೆಗೆದ ಚಿತ್ರಗಳಿಗೆ ಮಾತ್ರ ಪ್ರವೇಶ. ಆ ಜಾಗಕ್ಕೆ ಹೆಸರು ತಂದ ಕರಿ ಕುದುರೆಯ ಪ್ರತಿಮೆಯನ್ನು ಆಗಲೇ ಎತ್ತಿ ಒಯ್ದಿದ್ದರು, ಹೆಸರಷ್ಟೇ ಉಳಿದಿತ್ತು. ಆ ರಸ್ತೆಯೆಂದರೆ ನನಗೆ ಪ್ರಾಣ. ಗಡ್ಡದ ಚಿತ್ರಕಾರರು, ಇರಾನಿ ಹೋಟೆಲಿನಲ್ಲಿ ಒಂದು ಚಹಾಕ್ಕೆ ಮೂರು ತಾಸು ಜಗಳಾಡುವ ಕವಿಗಳು, ಹೆಗಲಿಗೆ ಜೋಳಿಗೆ ಹಾಕಿದ ನಾಟಕದ ಹುಡುಗಿಯರು. ಅವರ ನಡುವೆ ಇಂಗ್ಲಿಷು ಬಾರದ ನಾನು ಬಾಯಿ ಮುಚ್ಚಿಕೊಂಡು ಬಲು ದೊಡ್ಡ ವಿಚಾರವಂತನಂತೆ ಕೂತಿರುತ್ತಿದ್ದೆ.

ಭಾನುವಾರ ಮಧ್ಯಾಹ್ನ ಅಲ್ಲಿನ ಒಂದು ಚಿತ್ರಕಲಾ ಗ್ಯಾಲರಿಯಲ್ಲಿ ನನ್ನ ಚಿತ್ರದ ಪ್ರದರ್ಶನ. ಖಾನಾವಳಿಗೆ ಬೀಗ ಹಾಕಿ, ಹೊಸ ಇಳಕಲ್ ಸೀರೆ ಉಟ್ಟು, ಹತ್ತು ಹನ್ನೆರಡು ಜನ ಗೌಂಡಿ, ಹಮಾಲರನ್ನು ಹಿಂದೆ ಹಾಕಿಕೊಂಡು ದೊಡ್ಡವ್ವ ಲೋಕಲ್ ಹತ್ತಿ ಬಂದಳು. ಗ್ಯಾಲರಿಯ ಬಾಗಿಲಲ್ಲೇ ಒಂದು ದೊಡ್ಡ ಪೇಂಟಿಂಗಿನ ಮುಂದೆ ನಿಂತು, ಬರಿಯ ಕಪ್ಪು, ಕಂದು ಬಣ್ಣದ ಆ ವೃತ್ತಗಳನ್ನು ದಿಟ್ಟಿಸಿದಳು.

“ಹಂಚು ಕಾಯೋಕ್ಕಿಂತ ಮೊದಲ ರೊಟ್ಟಿ ಹಾಕ್ಯಾನ, ಪಾಪ,” ಎಂದಳು.

ಪಕ್ಕದಲ್ಲಿದ್ದ ಗಡ್ಡದವನೇ ಅದರ ಚಿತ್ರಕಾರ. ಅವಳ ಮಾತಿನ ಅರ್ಥ ಹೇಳು ಎಂದು ಅವನು ನನ್ನ ಬೆನ್ನುಬಿದ್ದ. ಹೇಳಿದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕು ದೊಡ್ಡವ್ವನನ್ನು ಮೊದಲ ಸಾಲಿನಲ್ಲಿ ಕೂರಿಸಿದ.

ಕಿಟಕಿಗಳಿಗೆ ಕರಿ ಬಟ್ಟೆ ಕಟ್ಟಿದರು. ಪ್ರೊಜೆಕ್ಟರು ಗುರ್ ಎಂದಿತು. ನನ್ನ ಹತ್ತಿರ ಪ್ರೊಜೆಕ್ಟರು ಇರಲಿಲ್ಲವಾದ್ದರಿಂದ ಪೂರ್ತಿ ಚಿತ್ರವನ್ನು ಪರದೆಯ ಮೇಲೆ ನಾನೂ ನೋಡುತ್ತಿದ್ದದ್ದು ಅದೇ ಮೊದಲು. ಚಾಳು ಬಂತು, ಒಲೆ ಬಂತು, ಹಿಟ್ಟು ನಾದುವುದು ಬಂತು. ಗೌಂಡಿಗಳು ಸಿಳ್ಳೆ ಹೊಡೆದರು. ಆಮೇಲೆ ದೊಡ್ಡವ್ವನ ಮುಖ, ಅವಳು ರೊಟ್ಟಿ ಬಡಿಯುವ ದೃಶ್ಯ. ಸಿಳ್ಳೆ ಥಟ್ಟನೆ ನಿಂತಿತು.

ಪರದೆಯ ಮೇಲಿನ ದೊಡ್ಡವ್ವ ಎಡಗೈಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಮೂಗುತಿ ಆಚೆ ಹೊಳ್ಳೆಗೆ ಹಾರಿತ್ತು. ಸೆರಗು ಬೇರೆ ಹೆಗಲಿನ ಮೇಲಿತ್ತು.

“ನಿಲ್ಲಸ್ರಿ! ಬಂದ್ ಕರೋ, ಭಾಯ್!” ದೊಡ್ಡವ್ವ ಎದ್ದು ನಿಂತಳು. ಅವಳ ನೆರಳು ಅರ್ಧ ಪರದೆ ನುಂಗಿತು. “ತಮ್ಮಾ, ನಾ ಎಡಗೈಲೆ ರೊಟ್ಟಿ ಬಡೀತೀನೇನೋ? ಈ ರೊಟ್ಟಿ ಯಾರರ ಉಂಡಾರೇನೋ?”

ದೀಪ ಹಾಕಿದರು. ಉಣ್ಣುವುದಕ್ಕೆ, ಬಡಿಸುವುದಕ್ಕೆ ಎಡಗೈ ತಾಕಿಸದ ಜನ ನಾವು. ಗೌಂಡಿಗಳು ನೆಲ ನೋಡುತ್ತಿದ್ದರು. ಸಂಜೆಯೊಳಗೆ ಈ ಸುದ್ದಿ ಕುರ್ಲಾ ಮುಟ್ಟುವುದು ಖಾತ್ರಿ. ಅವಳ ಕಣ್ಣಲ್ಲಿ ನೀರು ಕಂಡು ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ತಪ್ಪು ನನ್ನದೇ. ಆ ಫಿಲಮಿಗೆ ಎರಡೂ ಅಂಚಿನಲ್ಲಿ ತೂತುಗಳಿದ್ದವು. ತುಂಡನ್ನು ಮಗುಚಿ ಅಂಟಿಸಿದರೂ ಓಡುತ್ತದೆ. ಆದರೆ ಬಲ ಎಡವಾಗುತ್ತದೆ. ಯಾವುದು ಮೇಲ್ಬದಿ ಎಂದು ತಿಳಿಯಲು ನಾವು ಲ್ಯಾಬಿನವರು ಅಂಚನ್ನು ತುಟಿಗಳ ನಡುವೆ ಹಿಡಿಯುತ್ತಿದ್ದೆವು. ಚಿತ್ರ ಮೂಡಿಸುವ ಮದ್ದು ಬಳಿದ ಬದಿ ತುಟಿಗೆ ಅಂಟುತ್ತದೆ, ಇನ್ನೊಂದು ಜಾರುತ್ತದೆ. ಈ ತುಂಡನ್ನು ಅಂಟಿಸಿದ್ದು ಖಾನಾವಳಿಯ ಮೂಲೆಯಲ್ಲಿ, ರೊಟ್ಟಿ, ಎಣ್ಣೆ ಹಾಕಿದ ಶೇಂಗಾ ಚಟ್ನಿ ಹೊಡೆದು ಎದ್ದ ಕೂಡಲೇ. ತುಟಿ ತುಂಬ ಎಣ್ಣೆ. ಎರಡೂ ಬದಿ ಜಾರಿದ್ದವು, ನಾನು ಅಂದಾಜಿನ ಮೇಲೆ ಅಂಟಿಸಿದ್ದೆ!

ಇದನ್ನೆಲ್ಲ ತಡವರಿಸುತ್ತ ಹೇಳಿದೆ. ಉತ್ಸವ ನಡೆಸುತ್ತಿದ್ದ ಪಾರ್ಸಿ ಹೆಂಗಸು ಗಡಿಯಾರ ನೋಡಿ, “ಹತ್ತು ಮಿನಿಟ್,” ಎಂದು ಬೆರಳು ತೋರಿಸಿದಳು. ನಾನು ಕತ್ತರಿ ಹಿಡಿದು ಪ್ರೊಜೆಕ್ಟರಿನ ಮೇಜಿಗೆ ಓಡಿದೆ. ದೊಡ್ಡವ್ವ ಹಿಂದೆಯೇ ಬಂದಳು. ನಾನು ಫಿಲಮನ್ನು ಬಾಯಿಗೆ ಒಯ್ಯುವಷ್ಟರಲ್ಲಿ ನನ್ನ ಗದ್ದ ಹಿಡಿದು, ಹೊಸ ಇಳಕಲ್ ಸೆರಗಿನಿಂದ ಅಷ್ಟೂ ಜನರೆದುರು ನನ್ನ ತುಟಿಯನ್ನು ಉಜ್ಜಿ ಉಜ್ಜಿ ಒರೆಸಿದಳು.

“ಹೂಂ, ಈಗ ನೋಡು,” ಎಂದಳು.

ಈ ಸಲ ಮದ್ದಿನ ಬದಿ ತುಟಿಗೆ ಅಂಟಿತು. ಸಭೆಯೇ ಹೋ ಎಂದು ನಕ್ಕಿತು. ನಾಚಿಕೆಯಲ್ಲೂ ನನಗೆ ಅಂಥ ಖುಷಿ ಬೇರೆ ಯಾವತ್ತೂ ಆಗಿಲ್ಲ.

ತುಂಡನ್ನು ಮಗುಚಿ ಅಂಟಿಸಿದೆ. ಮತ್ತೆ ಕತ್ತಲು. ಬಲಗೈ ರೊಟ್ಟಿ ಬಡಿಯುವ ಹಲಗೆಯ ಮೇಲೆ ಬಿದ್ದದ್ದೇ ಗೌಂಡಿಯೊಬ್ಬ ಆ ಏಟಿಗೆ ಸರಿಯಾಗಿ ಚಪ್ಪಾಳೆ ತಟ್ಟಿದ. ಮಾತಿಲ್ಲದ ಚಿತ್ರಕ್ಕೆ ಸದ್ದು ಸಿಕ್ಕಿತು. ಮೊದಲು ನಮ್ಮವರು, ಆಮೇಲೆ ಗಡ್ಡದವರು, ಜೋಳಿಗೆಯವರು, ಕೊನೆಗೆ ಆ ಪಾರ್ಸಿ ಹೆಂಗಸೂ ತಟ್ಟತೊಡಗಿದಳು. ರೊಟ್ಟಿ ತಿರುಗುತ್ತ, ಅಗಲವಾಗುತ್ತ, ತೆಳ್ಳಗಾಗುತ್ತ ಹಲಗೆ ತುಂಬಿತು. ಹಮಾಲನೊಬ್ಬ, “ಅದು ನೋಡ್ರಿ ನಮ್ಮ ದೊಡ್ಡವ್ವನ ಕೈ!” ಎಂದು ಕೂಗಿದ.

ನಾನು ಪರದೆ ಬಿಟ್ಟು ಅವಳನ್ನೇ ನೋಡುತ್ತಿದ್ದೆ. ಸಿಟ್ಟು ಇಳಿದಿತ್ತು. ಬಾಯಿ ತುಸು ತೆರೆದುಕೊಂಡು, ಬೇರೆ ಯಾರನ್ನೋ ನೋಡುವಂತೆ ತನ್ನನ್ನೇ ನೋಡುತ್ತಿದ್ದಳು. ದಿನಕ್ಕೆ ನೂರಾರು ರೊಟ್ಟಿ ಬಡಿದವಳು. ಬಡಿಯುವಾಗ ತಾನು ಹೇಗೆ ಕಾಣುತ್ತೇನೆ ಎಂದು ಕಂಡದ್ದೇ ಇಲ್ಲ. ನನ್ನ ಕಡೆ ಬಾಗಿ ಮೆಲ್ಲಗೆ ಹೇಳಿದಳು:

“ತಮ್ಮಾ, ನಾ ಇಷ್ಟ ಚಂದ ಬಡೀತೀನಿ ಅಂತ ನೀವ್ಯಾರೂ ಹೇಳೇ ಇಲ್ಲಲ್ಲೋ.”

ನಾಲ್ಕು ವರ್ಷ ದಿನಕ್ಕೆರಡು ಹೊತ್ತು ಅವಳ ಕೈಯಿಂದ ಉಂಡವನು ನಾನು. ಪಲ್ಯಕ್ಕೆ ಉಪ್ಪು ಕಡಿಮೆಯಾದ ದಿನ ಮಾತ್ರ ತಪ್ಪದೆ ಹೇಳಿದ್ದೆ.