ನೀರು ಕೇಳುತ್ತಿದ್ದ ಕೊಟ್ರಮ್ಮ

ಕೊಟ್ರಮ್ಮನವರು ಮೊದಲು ನೋಡುತ್ತಿದ್ದುದು ಮನುಷ್ಯರ ಹಿಮ್ಮಡಿಯನ್ನು. ಮುಖ ಆಮೇಲೆ, ಸಮಯವಿದ್ದರೆ. ನನ್ನನ್ನು ಮೊದಲ ಸಲ ಕಂಡಾಗಲೂ ಅಷ್ಟೇ. ಹರಪನಹಳ್ಳಿ ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಚಪ್ಪಲಿ ಬಿಟ್ಟು ಕೂತು, ನಿವೃತ್ತ ಹೆಡ್‌ಮಾಸ್ಟರನಿಗೆ ತಕ್ಕ ಗಾಂಭೀರ್ಯದಿಂದ ಮಂಡಕ್ಕಿ ತಿನ್ನುತ್ತಿದ್ದೆ. ಬಂದವರೇ ಬಗ್ಗಿ ನನ್ನ ಪಾದಗಳನ್ನು ಹಿಂದಿನಿಂದ ಪರೀಕ್ಷಿಸಿ, "ಮನ್ಯಾಗ ನಿಮ್ಮನ್ನ ಚಲೋ ನೋಡ್ಕೊಂಡಾರ ಬಿಡ್ರಿ ಮೇಷ್ಟ್ರ" ಎಂದರು. ನಮಸ್ಕಾರ ಗಿಮಸ್ಕಾರವೆಲ್ಲ ಅದಾದ ಮೇಲೆ. ಸಂಜೆ ಈ ಪ್ರಶಸ್ತಿಯನ್ನು ಹೆಂಡತಿಗೆ ನಿವೇದಿಸಿಕೊಂಡೆ. "ಎಣ್ಣಿ ಹಚ್ಚಾಕಿ ನಾನು, ಸರ್ಟಿಫಿಕೇಟು ನಿಮಗ" ಎಂದು ಅವಳು ಒಳಗೆ ಹೋದಳು.

ವೃದ್ಧಾಶ್ರಮಗಳನ್ನು ನೋಡಿ ವರದಿ ಕೊಡುವ ಕೆಲಸಕ್ಕೆ ಇಲಾಖೆಯವರು ನಮ್ಮಿಬ್ಬರನ್ನು ಜೋಡಿ ಮಾಡಿದ್ದರು. ನನ್ನನ್ನು ಆರಿಸಿದ್ದು ಅಕ್ಷರ ದುಂಡಗಿದೆ ಎಂದು. ಅವರನ್ನು ಆರಿಸಿದ್ದು ಕೂಡ್ಲಿಗಿ ಕಡೆಯ ಹಳ್ಳಿಗಳಲ್ಲಿ ಆಯುಷ್ಯವಿಡೀ ನರ್ಸಮ್ಮನಾಗಿ ತಿರುಗಿದವರೆಂದು. ಮದುವೆಯಾಗಿರಲಿಲ್ಲ. "ಅಷ್ಟು ಹೆರಿಗಿ ಮಾಡ್ಸಿದ ಮ್ಯಾಲೆ ಯಾರು ಮದಿವಿ ಆಗ್ತಾರ್ರಿ" ಎನ್ನುತ್ತಿದ್ದರು. ಕೈಯಲ್ಲಿ ಯಾವಾಗಲೂ ಒಂದು ಕರಿ ಚೀಲ; ಅದರೊಳಗೆ ಬ್ಯಾಟರಿ, ಕೊಬ್ಬರಿ ಎಣ್ಣೆ, ನೇಲ್‌ಕಟರ್. ನನ್ನ ಚೀಲದಲ್ಲಿ ಮುದ್ರಿತ ಫಾರಂಗಳು, ಎರಡು ಪೆನ್ನು, ಸ್ಕೇಲು. ವೃದ್ಧರ ಸೇವೆಗೆ ಸ್ಕೇಲು ಏಕೆ ಬೇಕೆಂದು ಅವರು ಕೇಳಲಿಲ್ಲ. ಅದು ಅವರ ದೊಡ್ಡತನ.

"ನೆಲ ಒಂದು ತಾಸಿನ್ಯಾಗ ಒರಸಬಹುದು. ಚಾದರ ಒಂದು ತಾಸಿನ್ಯಾಗ ಬದ್ಲಿ ಮಾಡಬಹುದು. ಒಡದ ಹಿಮ್ಮಡಿ ಒಂದು ತಾಸಿನ್ಯಾಗ ಕೂಡಂಗಿಲ್ರಿ" ಎಂಬುದು ಅವರ ಮೊದಲ ಸೂತ್ರ. ಎರಡನೆಯದು ಸೂತ್ರವಲ್ಲ, ಅಭ್ಯಾಸ. ಹೋದಲ್ಲೆಲ್ಲ ಯಾರಾದರೂ ಒಬ್ಬ ಅಜ್ಜಿಯ ಮಂಚದ ಮೇಲೆ ಕೂತು, "ಯವ್ವಾ, ಬಿಸಿಲಾಗ ಬಂದೀನಿ, ಒಂದು ಲೋಟ ನೀರು ಕೊಡವ್ವ" ಎನ್ನುತ್ತಿದ್ದರು. ಸಿಬ್ಬಂದಿ ಬಾಟಲಿ ಹಿಡಿದು ಓಡಿಬಂದರೆ ಸಿಟ್ಟು ಬರುತ್ತಿತ್ತು. "ನಿಮ್ಮನ್ನ ಕೇಳಿಲ್ರಿ. ಇದು ಇವ್ರ ಮನಿ ಅಂತ ಹೊರಗ ಬೋರ್ಡು ಹಾಕೀರಿ. ಮನಿಗಿ ಬಂದೋರಿಗಿ ಮನಿಯವ್ರು ನೀರು ಕೊಡ್ಬೇಕು." ನಮ್ಮ ಕಡೆ ಬಂದವರ ಕೈಗೆ ನೀರು ಕೊಟ್ಟ ಮೇಲೆಯೇ ಬಂದ ಕೆಲಸ ಕೇಳುವುದು. ಮಂಚದ ಪಕ್ಕ ಕೈಗೆ ಎಟುಕುವಂತೆ ತಂಬಿಗೆ ಇದ್ದರೆ, ಅದನ್ನು ಯಾರ ಅಪ್ಪಣೆಯೂ ಇಲ್ಲದೆ ಎತ್ತಿಕೊಡುವ ಧೈರ್ಯ ಅಜ್ಜಿಗಿದ್ದರೆ, ಆ ಆಶ್ರಮ ಪಾಸು.

ಕೊಟ್ಟೂರಿನ ಒಂದು ಆಶ್ರಮದಲ್ಲಿ ಸುಣ್ಣ ಉದುರುತ್ತಿತ್ತು, ಫ್ಯಾನು ಕಿರುಗುಟ್ಟುತ್ತಿತ್ತು. ನಾನು ಸ್ಕೇಲು ಹೊರತೆಗೆದಿದ್ದೆ. ಅಲ್ಲೊಬ್ಬ ತಾತ ನೀರಿನ ಜೊತೆಗೆ ದಿಂಬಿನ ಕೆಳಗಿಂದ ಒಂದು ತುಂಡು ಬೆಲ್ಲ ತೆಗೆದುಕೊಟ್ಟ. ಅದರ ಮೇಲೆ ಇರುವೆ. ಕೊಟ್ರಮ್ಮನವರು ಇರುವೆ ಸಮೇತ ಬೆಲ್ಲ ಬಾಯಿಗೆ ಹಾಕಿಕೊಂಡು, "ಬರ್ಕೊಳ್ರಿ ಮೇಷ್ಟ್ರ, ಫಸ್ಟ್ ಕ್ಲಾಸ್" ಎಂದರು. ಇರುವೆಗೆ ನನ್ನ ಫಾರಂನಲ್ಲಿ ಕಾಲಂ ಇರಲಿಲ್ಲ.

ಇನ್ನು ಹಡಗಲಿ ದಾರಿಯ ಒಂದು ಆಶ್ರಮದ ಮಾತು. ಕೊಟ್ರಮ್ಮ ಸೇರುವ ಹಿಂದಿನ ವರ್ಷ ಅಲ್ಲಿಗೆ ನಾನೊಬ್ಬನೇ ಹೋಗಿದ್ದೆ. ಬಾಗಿಲಲ್ಲೇ ಮೂತ್ರದ ವಾಸನೆ. ಮೂಗಿಗೆ ಕರವಸ್ತ್ರ ಒತ್ತಿಕೊಂಡು ನನ್ನ ಅತ್ಯುತ್ತಮ ಅಕ್ಷರದಲ್ಲಿ ಬರೆದೆ: "ಹಾಸಿಗೆಗಳು ಒದ್ದೆ. ಇದು ಅಕ್ಷಮ್ಯ. ಮುಂದಿನ ಭೇಟಿಯ ವೇಳೆಗೆ ಒಂದೇ ಒಂದು ಹಾಸಿಗೆಯೂ ಒದ್ದೆ ಇರಕೂಡದು." 'ಅಕ್ಷಮ್ಯ' ಎಂಬ ಪದ ನನಗೇ ಬಹಳ ಹಿಡಿಸಿ, ಅದರ ಕೆಳಗೆ ಸ್ಕೇಲಿಟ್ಟು ಎರಡು ಗೆರೆ ಎಳೆದೆ.

ಮರುವರ್ಷ ಬೇಸಿಗೆಯ ಒಂದು ಮಧ್ಯಾಹ್ನ ಇಬ್ಬರೂ ಹೋದೆವು. ವಾಸನೆಯ ಸುಳಿವಿಲ್ಲ. ಬಾಗಿಲಿಗೆ ಸೇವಂತಿಗೆ ಮಾಲೆ. ಮ್ಯಾನೇಜರು ವಿನಯವೇ ಮೂರ್ತಿವೆತ್ತಂಥ ಮನುಷ್ಯ. ನಾನು ಒಂದೊಂದು ಹಾಸಿಗೆಯ ಮೇಲೂ ಅಂಗೈಯಾಡಿಸಿದೆ. ಖಡಕ್ ರೊಟ್ಟಿಯಂತೆ ಒಣಗಿದ್ದವು. ಒಂದು ಸಂಸ್ಥೆಯನ್ನು ತಿದ್ದಿ ಸರಿದಾರಿಗೆ ತಂದ ಪುಣ್ಯಾತ್ಮನ ಸಮಾಧಾನದಿಂದ 'ಅತ್ಯುತ್ತಮ' ಎಂದು ಬರೆದು ಸಹಿ ಹಾಕಿದೆ.

ಕೊಟ್ರಮ್ಮನವರು ಹಿಮ್ಮಡಿಗಳನ್ನು ನೋಡುತ್ತ ಸಾಲಿನ ಕೊನೆಗೆ ಹೋಗಿದ್ದರು. ಕೊನೆಯ ಮಂಚದಲ್ಲಿ ಮಾಗಳದ ಹಾಲಮ್ಮ ಎಂಬ ಅಜ್ಜಿ. ಆಕೆಯ ಕೈ ಹಿಡಿದು, ಮುಂಗೈಯ ಚರ್ಮವನ್ನು ಎರಡು ಬೆರಳಲ್ಲಿ ಮೆಲ್ಲಗೆ ಎತ್ತಿ ಬಿಟ್ಟರು. ಚರ್ಮ ಎತ್ತಿದ ಹಾಗೆಯೇ ನಿಂತಿತು. ಆಮೇಲೆ ಎಂದಿನಂತೆ ನೀರು ಕೇಳಿದರು.

ಹಾಲಮ್ಮ ಮ್ಯಾನೇಜರನ ಮುಖ ನೋಡಿದಳು. ಗೋಡೆಯ ಗಡಿಯಾರ ನೋಡಿದಳು. ಒಣ ತುಟಿ ಬಿಚ್ಚಿ, "ನೀರು ಇನ್ನ ನಾಳಿ ಮುಂಜಾನಿಗೇ ಯವ್ವಾ. ಉಂಡ ಮ್ಯಾಲೆ ಕೊಡಂಗಿಲ್ಲ" ಎಂದಳು. "ಹೊಳಿ ದಂಡಿ ಮ್ಯಾಲೆ ಹುಟ್ಟಿದಾಕಿ ನಾನು. ಬಂದೋರಿಗಿ ನೀರಿಲ್ಲ ಅಂದಿದ್ದು ಇದಾ ಮೊದ್ಲು" ಎಂದು ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಮ್ಯಾನೇಜರು ಹೆದರಲಿಲ್ಲ, ನಾಚಲೂ ಇಲ್ಲ. ಹೆಮ್ಮೆಯಿಂದಲೇ ಫೈಲು ತಂದು ಬಿಚ್ಚಿದ. ಪ್ಲಾಸ್ಟಿಕ್ ಹೊದಿಕೆಯೊಳಗೆ ನನ್ನ ದುಂಡಕ್ಷರ, ಎರಡು ಗೆರೆ.

"ಸಾಹೇಬ್ರೇ ಬರದಿದ್ರಲ್ರಿ ಮೇಡಂ. ಒಂದೂ ಹಾಸಿಗಿ ಒದ್ದಿ ಇರಬಾರ್ದು ಅಂತ. ನಾವು ಮಧ್ಯಾನದ ಊಟ ಆತಂದ್ರ ನೀರು ಬಂದ್ ಮಾಡಿಬಿಟ್ವಿ. ಅವತ್ತಿನಿಂದ ನೋಡ್ರಿ ಬೇಕಾದ್ರ, ಒಂದೂ ಒದ್ದಿ ಇಲ್ಲ!"

ಮೂವತ್ತು ವರ್ಷದ ಮೇಷ್ಟ್ರಿಕೆಯಲ್ಲಿ ನನ್ನ ಒಂದು ವಾಕ್ಯವನ್ನು ಯಾವ ವಿದ್ಯಾರ್ಥಿಯೂ ಇಷ್ಟು ನಿಷ್ಠೆಯಿಂದ ಪಾಲಿಸಿದ್ದಿಲ್ಲ. ಒಂದು ವರ್ಷ. ಪ್ರತಿ ಮಧ್ಯಾಹ್ನದಿಂದ ಪ್ರತಿ ಬೆಳಗಿನವರೆಗೆ, ನನ್ನ ಅಕ್ಷರ ಅಷ್ಟೂ ಜನರ ಗಂಟಲಿನ ಮೇಲೆ ಕೂತಿತ್ತು. ಈಗಷ್ಟೇ ಬರೆದ 'ಅತ್ಯುತ್ತಮ'ದ ಶಾಯಿ ಇನ್ನೂ ಹಸಿಯಾಗಿತ್ತು. ಆ ಕೋಣೆಯಲ್ಲಿ ಹಸಿಯಾಗಿದ್ದುದು ಅದೊಂದೇ.

ಕೊಟ್ರಮ್ಮ ಕೂಗಾಡಬಹುದೆಂದುಕೊಂಡೆ, ಕೂಗಾಡಿದ್ದರೆ ನನಗೆ ಹಗುರವಾಗುತ್ತಿತ್ತು. ಅವರು ಎದ್ದು ಅಡುಗೆಮನೆಯಿಂದ ಎರಡು ಕೊಡ ನೀರು ತರಿಸಿದರು. "ಮೇಷ್ಟ್ರ, ಬರಿಯೋದು ಆಮ್ಯಾಲೆ. ಆ ಕಡಿ ಸಾಲಿಗಿ ನೀವು ಕೊಡ್ರಿ. ಒಮ್ಮಿಗೇ ಬ್ಯಾಡ, ಗುಟುಕು ಗುಟುಕು." ನಾನು ಲೋಟ ಹಿಡಿದು ಮಂಚದಿಂದ ಮಂಚಕ್ಕೆ ಹೋದೆ. ಒಂದು ಕೋಣೆಯ ತುಂಬ ಮುದುಕರು ನೀರು ನುಂಗುವ ಸದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಇಂದಿಗೂ ಯಾರಾದರೂ ಪಕ್ಕದಲ್ಲಿ ಕೂತು ಗಟಗಟ ಕುಡಿದರೆ ಎದ್ದು ಹೋಗುತ್ತೇನೆ.

ಬಸ್ಸು ಇಟ್ಟಿಗಿ ಊರು ದಾಟಿದ ಮೇಲೆ ಅವರು, "ಒದ್ದಿ ಐತಿ ಅಂತ ಬರದ್ರಿ. ಒದ್ದಿ ಆದ್ರ ಬದ್ಲಿ ಮಾಡೋರು ಯಾರು ಅದಾರ ಅಂತ ಕೇಳ್ಬೇಕಿತ್ತು" ಎಂದರು. ಅಷ್ಟೇ. ಹೊಸ ವರದಿಯನ್ನು ಅವರು ಹೇಳಿದರು, ನಾನು ಬರೆದೆ. ಹಿಂದಿನ ವರದಿ ನನ್ನದೇ ಎಂಬುದನ್ನೂ ಸೇರಿಸಿದೆ. ಗೆರೆ ಎಳೆಯಲಿಲ್ಲ. ಮ್ಯಾನೇಜರು ಬದಲಾದ, ಇಬ್ಬರು ಆಯಾಗಳು ಬಂದರು, ಮಂಚಕ್ಕೊಂದು ತಂಬಿಗೆ ಬಂತು.

ಕೆಲವು ವರ್ಷಗಳಲ್ಲಿ ಕೊಟ್ರಮ್ಮನವರ ಮೊಣಕಾಲು ಕೈಕೊಟ್ಟವು. ಇರಲಿಕ್ಕೆ ಅವರು ಆರಿಸಿಕೊಂಡದ್ದು ಅದೇ ಆಶ್ರಮವನ್ನು, ಹಾಲಮ್ಮನ ಪಕ್ಕದ ಮಂಚವನ್ನು. "ಬ್ಯಾಡ್ರಿ ಅಕ್ಕಾರ, ಅಲ್ಲಿ ಬ್ಯಾಡ" ಎಂದೆ. "ಬಾಗಿಲಾಗ ನಿಂತು ನೋಡಿದ್ದು ಸಾಕಾತು ಮೇಷ್ಟ್ರ. ಇನ್ನ ಮಂಚದ ಮ್ಯಾಲಿಂದ ನೋಡ್ತೀನಿ" ಎಂದರು.

ಕೊನೆಯ ಸಲ ಅವರನ್ನು ಕಂಡಾಗ ಅವರ ಮಂಚದ ಮೇಲೆ ಕೂತು, "ಬಿಸಿಲಾಗ ಬಂದೀನಿ ಅಕ್ಕಾರ, ಒಂದು ಲೋಟ ನೀರು ಕೊಡ್ರಿ" ಎಂದೆ. ಕಣ್ಣು ಅರಳಿದವು. ನಡುಗುವ ಕೈಯಲ್ಲಿ ತಂಬಿಗೆ ಎತ್ತಿ ಬಗ್ಗಿಸಿದರು. ಅರ್ಧ ಲೋಟಕ್ಕೆ, ಅರ್ಧ ಹಾಸಿಗೆಗೆ.

"ಬರ್ಕೊಳ್ರಿ ಮೇಷ್ಟ್ರ" ಎಂದರು, "ಹಾಸಿಗಿ ಒದ್ದಿ."

ಯಾರೂ ಕರೆಯಲಿಲ್ಲ, ಆಯಾ ತಾನೇ ಬೇರೆ ಚಾದರ ಹಿಡಿದು ಬಂದಳು. ಅವಳು ಕೊಟ್ರಮ್ಮನವರನ್ನು ಮಗ್ಗುಲಿಗೆ ಹೊರಳಿಸಿದಾಗ ಹಿಮ್ಮಡಿಗಳು ಕಂಡವು. ಒಂದು ಬಿರುಕೂ ಇರಲಿಲ್ಲ. ಎಣ್ಣೆಯ ಪಸೆಯಿತ್ತು.

ಮುಂದಿನ ಸಲ ಹೋದಾಗ ಆ ಮಂಚದ ಮೇಲೆ ಬೇರೆ ಯಾರೋ ಅಜ್ಜಿ ಕೂತಿದ್ದರು. ಫಾರಂ ಇನ್ನೂ ಚೀಲದಲ್ಲೇ ಇತ್ತು. ಹೆಸರು ಕೇಳುವ ಮೊದಲು ನೀರು ಕೇಳಿದೆ.