ಕೋಚ್ ತಲೆಗಿಟ್ಟ ಮೈಸೂರು ಪೇಟ

ಸಿಟ್ಟು ಬಂದ ಕೂಡಲೇ ಕೂಗಾಡಿ ಹಗುರಾಗುವವರನ್ನು ಕಂಡರೆ ನನಗೆ ಅಸೂಯೆ. ನನ್ನ ಕೈಲಿ ಅದಾಗುವುದಿಲ್ಲ. ಹಾಸನದಲ್ಲಿ ನಮ್ಮಮ್ಮ ಉಪ್ಪಿನಕಾಯಿ ಜಾಡಿಯನ್ನು ಒದ್ದೆ ಕೈ ತಾಗಿಸದೆ ಕಾಪಾಡುತ್ತಿದ್ದ ಹಾಗೆ ನಾನು ಸಿಟ್ಟನ್ನು ಕಾಪಾಡುತ್ತೇನೆ. ಮಗಳ ವಾಲಿಬಾಲ್ ಕೋಚ್ ಮೇಲಿನ ಸಿಟ್ಟನ್ನು ವರ್ಷಕ್ಕೂ ಹೆಚ್ಚು ಕಾಲ ಕೆಡದಂತೆ ಇಟ್ಟುಕೊಂಡಿದ್ದೆ. ಅದನ್ನು ಅವನಿಗೇ ಬಡಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ವಾಲಿಬಾಲ್ ನಮ್ಮ ಮನೆಗೆ ಬಂದದ್ದು ಮಂಡ್ಯದಿಂದ. ನಮ್ಮ ಮನೆಯವರು ಊರಿನ ಹೈಸ್ಕೂಲು ಮೈದಾನದಲ್ಲಿ ಎರಡು ಬೊಂಬಿನ ನಡುವೆ ಬಲೆ ಕಟ್ಟಿಕೊಂಡು ಬರಿಗಾಲಲ್ಲಿ ಆಡಿದವರು. ಸ್ಯಾನ್ ರಮೋನ್‌ನಲ್ಲಿ ಮನೆ ಕೊಂಡಾಗ ಅವರು ಮೊದಲು ನೋಡಿದ್ದು ಅಡುಗೆ ಮನೆಯನ್ನಲ್ಲ, ಡ್ರೈವ್‌ವೇ ಎಷ್ಟು ಅಗಲವಿದೆ ಎನ್ನುವುದನ್ನು. ಮಗಳಿಗೆ ಅಲ್ಲೇ ಆಟ ಕಲಿಸಿದರು. ಅವಳು ಎತ್ತರ ಬೆಳೆಯಲಿಲ್ಲ. ಆದ್ದರಿಂದ ಲಿಬರೋ ಆದಳು. ಲಿಬರೋ ಎಂದರೆ ಬೇರೆ ಬಣ್ಣದ ಜರ್ಸಿ ತೊಟ್ಟು ಹಿಂದೆ ನಿಂತು, ಎದುರಿನವರು ಬಡಿದ ಚೆಂಡು ನೆಲಕ್ಕೆ ಬೀಳದಂತೆ ಮೈಯೊಡ್ಡುವವಳು. ಮೊಣಕಾಲು ವರ್ಷವಿಡೀ ನೀಲಿಗಟ್ಟಿರುತ್ತಿತ್ತು.

ಕನ್ನಡ ಅವಳಿಗೆ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಚಿಕ್ಕವಳಿದ್ದಾಗ ತುತ್ತು ತಿನ್ನಿಸುತ್ತ ರಾಕ್ಷಸನ ಕಥೆ ಹೇಳುತ್ತಿದ್ದೆ. ರಾಕ್ಷಸ ಸಾಯುವ ಭಾಗ ಬಂದರೆ ಮಾತ್ರ, "ಇನ್ನೊಂದ್ಸಲ ಹೇಳು" ಎಂದು ಅಚ್ಚ ಕನ್ನಡದಲ್ಲಿ ಹೇಳುತ್ತಿದ್ದಳು. ಒಂದು ತಟ್ಟೆ ಅನ್ನ ಮುಗಿಯುವಷ್ಟರಲ್ಲಿ ಆ ರಾಕ್ಷಸ ಹಲವು ಸಲ ಸಾಯುತ್ತಿದ್ದ.

ಹೈಸ್ಕೂಲಿನ ಕೊನೆಯ ವರ್ಷ ಎರಡು ಕಾಲೇಜುಗಳು ಅವಳನ್ನು ಕರೆದವು. ಒಂದು ದೂರದ್ದು, ಪೂರ್ತಿ ಸ್ಕಾಲರ್‌ಶಿಪ್ ಕೊಡುತ್ತೇನೆಂದಿತ್ತು. ಇನ್ನೊಂದು ಇಲ್ಲೇ, ಬೇ ಏರಿಯಾದಲ್ಲಿ. ಅಲ್ಲಿನ ಕೋಚ್ ನಮ್ಮ ಮನೆಗೇ ಬಂದು, ಕಾಲು ಮಡಿಸಿ ಕೂತು, ಬಿಸಿಬೇಳೆಬಾತ್ ಹಾಕಿಸಿಕೊಂಡು ತಿಂದರು. "ಮೊದಲ ವರ್ಷ ಸ್ಕಾಲರ್‌ಶಿಪ್ ಇಲ್ಲದೆ ಬರಲಿ. ಆಮೇಲೆ ಕೊಡುತ್ತೇನೆ. ಓದು ಮುಗಿಯುವವರೆಗೂ ಈ ತಂಡದಲ್ಲಿ ಇವಳ ಜಾಗ ಇವಳದೇ" ಎಂದರು. ಬರೆದು ಕೊಡಿ ಎಂದು ಕೇಳೋಣ ಅಂತ ನಾನು ಅಡುಗೆ ಮನೆಯಲ್ಲಿ ಪಿಸುಗುಟ್ಟಿದೆ.

"ಥೂ, ಗುರುಗಳ ಹತ್ರ ಅಗ್ರಿಮೆಂಟು ಕೇಳ್ತಾರೇನೇ?" ಎಂದರು ನಮ್ಮ ಮನೆಯವರು.

ಅವರ ಲೆಕ್ಕದಲ್ಲಿ ಅಗ್ರಿಮೆಂಟಿಗಿಂತ ಗಟ್ಟಿಯಾದದ್ದು ಬೇರೆ ಇತ್ತು. ಸನ್ನಿವೇಲ್‌ನ ದೇವಸ್ಥಾನದ ಹಾಲ್‌ನಲ್ಲಿ ನಮ್ಮ ಕನ್ನಡದವರ ರಾಜ್ಯೋತ್ಸವ. ಇವರು ಕಮಿಟಿಯಲ್ಲಿದ್ದರು. ಕೋಚ್ ಅವರನ್ನು ವೇದಿಕೆಗೆ ಕರೆದು, ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟು, ಮೈಸೂರಿನಿಂದ ತರಿಸಿದ್ದ ಜರಿಯಂಚಿನ ಪೇಟವನ್ನು ತಾವೇ ಅವರ ತಲೆಗಿಟ್ಟರು. ಮಗಳ ಕೈಲಿ ಕಾಲಿಗೆ ನಮಸ್ಕಾರವನ್ನೂ ಮಾಡಿಸಿದರು. ಜನ ಚಪ್ಪಾಳೆ ತಟ್ಟಿದರು. ಇಷ್ಟು ಜನರ ಎದುರು ಸನ್ಮಾನ ಮಾಡಿಸಿಕೊಂಡವನು ಕೊಟ್ಟ ಮಾತಿಗೆ ತಪ್ಪುವುದುಂಟೇ ಎಂದು ಇವರು ನಂಬಿದ್ದರು. ಮರುದಿನವೇ ದೂರದ ಕಾಲೇಜಿಗೆ ಬರುವುದಿಲ್ಲವೆಂದು ಹೇಳಿದ್ದಾಯಿತು.

ಆಮೇಲೆ ಕಾಲೇಜು ಆಟಗಳ ನಿಯಮ ಬದಲಾಯಿತು. ಕಾಲೇಜುಗಳೇ ಆಟಗಾರರಿಗೆ ನೇರವಾಗಿ ದುಡ್ಡು ಕೊಡಬಹುದು ಎಂದಾಯಿತು. ಜೊತೆಗೆ ಒಂದು ತಂಡದಲ್ಲಿ ಇಷ್ಟೇ ಜನ ಎಂಬ ಮಿತಿಯೂ ಬಂತು. ಆಡುವ ಮಕ್ಕಳಿಗೆ ದುಡ್ಡು ಸಿಗಬೇಕು ಎನ್ನುವುದರಲ್ಲಿ ನನ್ನ ತಕರಾರಿಲ್ಲ. ಅವರ ಬೆವರಿನಲ್ಲಿ ಟಿವಿಯವರು, ಕಾಲೇಜಿನವರು, ಕೋಚ್‌ಗಳು ಇಷ್ಟು ವರ್ಷ ಹೊಟ್ಟೆ ತುಂಬ ಉಂಡಿದ್ದಾರೆ. ಆದರೆ ದುಡ್ಡು ಫುಟ್‌ಬಾಲ್ ಹುಡುಗರ ಕಡೆ ಹೋಯಿತು, ಮಿತಿ ನನ್ನ ಮಗಳ ಕಡೆ ಬಂತು.

ಎರಡನೇ ವರ್ಷದ ಕೊನೆಗೆ ಕೋಚ್ ಫೋನ್ ಮಾಡಿದ. ಮಗಳು ಅಡುಗೆ ಮನೆಯಲ್ಲಿ ಕೂತು ಸ್ಪೀಕರಿಗೆ ಹಾಕಿದಳು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡಿದ. ನೀವು ನನ್ನ ಕುಟುಂಬದವರಿದ್ದ ಹಾಗೆ, ಆದರೆ ಪೋರ್ಟಲಿನಿಂದ ಅನುಭವಿ ಲಿಬರೋ ಒಬ್ಬಳು ಬರುತ್ತಿದ್ದಾಳೆ, ಜಾಗ ಸಾಲದು. ಪೋರ್ಟಲ್ ಎಂದರೆ ಕಾಲೇಜು ಬದಲಿಸಬೇಕೆನ್ನುವ ಆಟಗಾರರು ಹೆಸರು ಹಾಕಿಕೊಳ್ಳುವ ಜಾಗ. ಎತ್ತರ, ಫೋಟೋ, ಅನುಭವ ಎಲ್ಲ ಹಾಕಿ, ನಮ್ಮ ಮ್ಯಾಟ್ರಿಮೊನಿ ಸೈಟುಗಳ ಹಾಗೆಯೇ, ಯಾರಾದರೂ ಒಪ್ಪುತ್ತಾರಾ ಎಂದು ಕಾಯಬೇಕು. ಮಗಳು "ಓಕೆ, ಕೋಚ್" ಎಂದು ಫೋನಿಟ್ಟಳು. ಬಟ್ಟಲಿನಲ್ಲಿದ್ದ ಸೀರಿಯಲ್ಲನ್ನು ತಿಂದು ಮುಗಿಸಿ, ಬಟ್ಟಲು ತೊಳೆದಿಟ್ಟು, ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಆವತ್ತಿನವರೆಗೆ ನನ್ನ ಬಾಯಲ್ಲಿ ಕೋಚ್ 'ಅವರು' ಆಗಿದ್ದರು. ಆವತ್ತಿನಿಂದ 'ಅವನು' ಆದ.

ನಮ್ಮ ಮನೆಯವರು ಕಾರು ತೊಳೆಯುವ ನೆಪದಲ್ಲಿ ಸಂಜೆಯವರೆಗೂ ಡ್ರೈವ್‌ವೇಯಲ್ಲಿ ನಿಂತಿದ್ದರು. ಬೈಯಲಿಲ್ಲ. "ಅವ್ರ ಮೇಲೂ ಪ್ರೆಶರ್ ಇರತ್ತೆ ಕಣೇ" ಎಂದರು. ನನ್ನ ಸಿಟ್ಟಿನ ಜಾಡಿ ತುಂಬಿದ್ದು ಆಗಲೇ.

ಪೋರ್ಟಲಿನಲ್ಲಿ ಮಗಳನ್ನು ಬೇರೆ ರಾಜ್ಯದ ಒಂದು ಕಾಲೇಜು ತೆಗೆದುಕೊಂಡಿತು. ಅಲ್ಲಿ ಒಂದು ವರ್ಷ ಚೆನ್ನಾಗಿಯೇ ಆಡಿದಳು. ವರ್ಷ ಮುಗಿಯುತ್ತಿದ್ದಂತೆ ಆ ಕಾಲೇಜು ಹುಡುಗಿಯರ ವಾಲಿಬಾಲ್ ತಂಡವನ್ನೇ ಮುಚ್ಚಿತು. ಉಳಿಸಿದ ದುಡ್ಡು ಎಲ್ಲಿಗೆ ಹೋಗುತ್ತದೆಂದು ಹೇಳಬೇಕಾಗಿಲ್ಲ. ಮಗಳು ಪೆಟ್ಟಿಗೆಗಳ ಸಮೇತ ಸ್ಯಾನ್ ರಮೋನ್‌ಗೆ ಬಂದಳು. ನಾಲ್ಕು ವರ್ಷದ ಓದಿನಲ್ಲಿ ಆಡಲು ಅವಳಿಗೆ ಉಳಿದಿದ್ದದ್ದು ಒಂದೇ ಒಂದು ವರ್ಷ. ಮತ್ತೆ ಪೋರ್ಟಲಿಗೆ ಹೆಸರು ಹಾಕಿ, ಗರಾಜಿನ ಗೋಡೆಗೆ ಚೆಂಡು ಹೊಡೆಯುತ್ತ ಕಾಯತೊಡಗಿದಳು.

ಆ ದಿನಗಳಲ್ಲೇ ನನ್ನ ಇಮೇಲಿಗೆ ಅವನ ಮುಖ ಬಂತು. ತಲೆಯ ಮೇಲೆ ನಮ್ಮ ಪೇಟ. ಮಕ್ಕಳು ಕಾಲೇಜಿನಿಂದ ಕಾಲೇಜಿಗೆ ಹಾರುವುದನ್ನು ನಿಲ್ಲಿಸಬೇಕು, ಒಂದು ಸಲ ಬದಲಿಸಿದವರು ಮತ್ತೆ ಬದಲಿಸಿದರೆ ಒಂದು ವರ್ಷ ಆಡದೆ ಕೂರಬೇಕು, ಅಂಥ ಕಾನೂನು ತರಲು ಬೆಂಬಲಿಸಿ ಎಂದು ಪ್ರಚಾರ. ಎಲ್ಲ ಸಮುದಾಯಗಳ ಕುಟುಂಬಗಳೂ ನನ್ನ ಜೊತೆಗಿವೆ ಎನ್ನುವುದಕ್ಕೆ ಸಾಕ್ಷಿಯಾಗಿ ಆ ಫೋಟೋ. ಆಗಿದ್ದಿಷ್ಟೇ: ಪೋರ್ಟಲಿನಿಂದ ತಂದ ಅವನ ಒಳ್ಳೆಯ ಆಟಗಾರ್ತಿಯರು ಹೆಚ್ಚು ದುಡ್ಡು ಕೊಡುವ ಕಡೆ ಹಾರಿಹೋಗಿದ್ದರು. ಆ ಕಾನೂನು ಬಂದರೆ ನನ್ನ ಮಗಳು ಉಳಿದ ಒಂದೇ ವರ್ಷವನ್ನು ಬೆಂಚಿನ ಮೇಲಲ್ಲ, ಸೋಫಾದ ಮೇಲೆ ಕಳೆಯಬೇಕಿತ್ತು.

ಇಮೇಲಿನ ಬೆನ್ನಿಗೇ ಫೋನೂ ಬಂತು. ಡ್ಯಾನ್‌ವಿಲ್‌ನಲ್ಲಿ ಸಭೆ, ನಮ್ಮ ಜಿಲ್ಲೆಯ ಜನಪ್ರತಿನಿಧಿಯ ಕಚೇರಿಯವರು ಬರುತ್ತಾರೆ, ತಾಯಿಯಾಗಿ ನಿಷ್ಠೆಯ ಬಗ್ಗೆ ಎರಡು ಮಾತಾಡಬೇಕು ಎಂದ. ಅವನಿಗೆ ಮರೆತೇ ಹೋಗಿತ್ತು. ನನ್ನ ಮಗಳನ್ನು ಕೈಬಿಟ್ಟದ್ದು ನೆನಪಿಡುವಂಥ ಕೆಲಸವೆಂದು ಅನ್ನಿಸಿರಲಿಲ್ಲ. ಖಂಡಿತ ಬರುತ್ತೇನೆ ಎಂದೆ. ಹಾಲು ಕುಡಿದಷ್ಟು ಸಂತೋಷವಾಗಿತ್ತು ನನಗೆ.

ರೇಷ್ಮೆ ಸೀರೆ ಉಟ್ಟೆ. ದಾರಿಯುದ್ದಕ್ಕೂ ಇವರು ಬೇಡಿಕೊಂಡರು. "ದಯವಿಟ್ಟು ಸೀನ್ ಮಾಡ್ಬೇಡ್ವೇ. ನಾಲ್ಕು ಜನ ಕನ್ನಡದವ್ರೂ ಇರ್ತಾರೆ ಅಲ್ಲಿ."

"ಇರ್ಲಿ ರೀ. ಪೇಟ ಇಟ್ಟಾಗ್ಲೂ ಇದ್ರಲ್ಲ" ಎಂದೆ.

ಸಭೆಯಲ್ಲಿ ಅವನು ನನ್ನನ್ನು ಬಹಳ ಪ್ರೀತಿಯಿಂದ ಪರಿಚಯಿಸಿದ. ನಾನು ಮೈಕ್ ಹಿಡಿದು, ಬಂದಿದ್ದ ಕಚೇರಿಯ ಹುಡುಗಿಯ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದೆ. ನನ್ನ ಮಗಳು ಹಾರಿದವಳಲ್ಲ. ಮೊದಲ ಸಲ ಅವಳನ್ನು ಹೊರಗೆ ಹಾಕಿದವರು ಇಲ್ಲೇ ಕೂತಿದ್ದಾರೆ. ಎರಡನೇ ಸಲ ಅವಳ ತಂಡವನ್ನೇ ಮುಚ್ಚಿದರು. ಈಗ ಮೂರನೇ ಬಾಗಿಲು ತಟ್ಟಿದರೆ ಒಂದು ವರ್ಷ ಶಿಕ್ಷೆ. ಈ ಕೋಚ್ ತಮ್ಮ ಹಿಂದಿನ ಕಾಲೇಜನ್ನು ಸೀಸನ್ ನಡುವೆಯೇ ಬಿಟ್ಟು, ಹೆಚ್ಚು ಸಂಬಳಕ್ಕೆ ಇಲ್ಲಿಗೆ ಬಂದವರು. ಅವರು ಎಷ್ಟು ದಿನ ಕೆಲಸ ಮಾಡದೆ ಕೂತಿದ್ದರು, ಕೇಳಿ.

ಅವನು ನೆಲ ನೋಡಿದ. ಆ ನೋಟವನ್ನು ಪಾಯಸದ ಹಾಗೆ ಚಪ್ಪರಿಸಿದೆ, ಸುಳ್ಳು ಯಾಕೆ ಹೇಳಲಿ.

"ಇನ್ನೊಂದು ವಿಷಯ. ನಿಮ್ಮ ಪ್ರಚಾರದ ಫೋಟೋದಲ್ಲಿ ತಲೆ ಮೇಲಿರುವ ಪೇಟ ನಮ್ಮದು. ನಮ್ಮಲ್ಲಿ ಅದನ್ನು ಗೌರವಕ್ಕೆ ಇಡುತ್ತೇವೆ. ವಾಪಸ್ ಕೊಡಿ" ಎಂದೆ.

ಕೊಟ್ಟ ಸನ್ಮಾನವನ್ನು ಯಾರೂ ವಾಪಸ್ ಕೇಳುವುದಿಲ್ಲ. ಹಿಂದಿನ ಸಾಲಿನ ಕನ್ನಡದವರು "ಶಿವ ಶಿವಾ" ಎಂದದ್ದು ನನಗೆ ಕೇಳಿಸಿತು. ಕೋಚ್ ನಗಲು ನೋಡಿದ. "ಅಯ್ಯೋ, ಅದನ್ನು ಹ್ಯಾಲೊವೀನ್ ವೇಷಕ್ಕೆ ನನ್ನ ಮಗ ಹಾಕಿಕೊಂಡಿದ್ದ. ಮನೆಯಲ್ಲಿ ಎಲ್ಲೋ ಇರಬೇಕು" ಎಂದ. ಯಾರೋ ಕಿಸಕ್ಕೆಂದರು.

ಆಗ ನಮ್ಮ ಮನೆಯವರು ಎದ್ದು ನಿಂತರು. ಮೈಕ್ ಬೇಕಾಗಲಿಲ್ಲ. "ಹುಡುಕಿ ಕೊಡಿ" ಎಂದು ಇಂಗ್ಲಿಷಿನಲ್ಲಿ ಅಷ್ಟೇ ಹೇಳಿ ಕೂತರು. ಮದುವೆಯಾದಾಗಿನಿಂದ ಅವರ ಆ ದನಿಯನ್ನು ನಾನು ಕೇಳಿರಲಿಲ್ಲ.

ಕೆಲವು ದಿನ ಕಳೆದು ಒಂದು ರಟ್ಟಿನ ಡಬ್ಬಿ ಬಂತು. ಪತ್ರವಿರಲಿಲ್ಲ, ಶಾಲೂ ಇರಲಿಲ್ಲ. ಪೇಟದ ಜರಿಗೆ ಚಾಕೊಲೇಟು ಮೆತ್ತಿತ್ತು. ಡ್ರೈಕ್ಲೀನಿಗೆ ಕೊಡೋಣವೆಂದು ನಾನಂದರೆ ಇವರು ಬೇಡವೆಂದು ಬೀರುವಿನಲ್ಲಿಟ್ಟರು. ಕಾನೂನು ಇನ್ನೂ ಚರ್ಚೆಯಲ್ಲೇ ಇತ್ತು. ಆ ಸಂದಿಯಲ್ಲಿ ಸ್ಯಾಕ್ರಮೆಂಟೊ ಕಡೆಯ ಒಂದು ಸಣ್ಣ ಕಾಲೇಜು ಮಗಳನ್ನು ಕರೆಯಿತು. ಈ ಸಲ ಎಲ್ಲವನ್ನೂ ಬರೆಸಿಕೊಂಡೆವು. ಪಂದ್ಯಗಳ ಪಟ್ಟಿ ಬಂದಾಗ ಮೂವರೂ ಒಂದೇ ಸಾಲಿಗೆ ಬೆರಳಿಟ್ಟೆವು: ಹಳೆಯ ಕಾಲೇಜು, ಅವರದೇ ಜಿಮ್ಮಿನ ಅಂಕಣದಲ್ಲಿ.

ಆ ಸಂಜೆ ಪಾರ್ಕಿಂಗ್ ಲಾಟಿನಲ್ಲಿ ಇವರು ಹಿಂದಿನ ಸೀಟಿನಿಂದ ಗ್ರೋಸರಿ ಚೀಲವೊಂದನ್ನು ತೆಗೆದರು. ಕಾರಿನ ಕನ್ನಡಿ ನೋಡಿಕೊಂಡು, ಚಾಕೊಲೇಟಿನ ಕಲೆ ಮುಂದಕ್ಕೆ ಬರುವ ಹಾಗೆ, ಪೇಟವನ್ನು ತಮ್ಮ ತಲೆಗಿಟ್ಟುಕೊಂಡರು. ಸೀನ್ ಮಾಡಬೇಡವೆಂದು ಬೇಡಿಕೊಂಡಿದ್ದ ಮನುಷ್ಯ! ಹೋಗಿ ಮೊದಲ ಸಾಲಿನಲ್ಲಿ, ಅವನ ಬೆಂಚಿನ ನೇರಕ್ಕೆ ಕೂತೆವು. ಅವನು ಬಂದ, ಪೇಟ ನೋಡಿದ, ಕೈಯಲ್ಲಿದ್ದ ಕಾಗದದೊಳಗೆ ಮುಖ ಹುದುಗಿಸಿದ. ಆಟವಿಡೀ ಅವನಿಗೆ ನಮ್ಮ ಕಡೆ ನೋಡಲಾಗಲಿಲ್ಲ, ನೋಡದೆ ಇರಲೂ ಆಗಲಿಲ್ಲ.

ಗೆದ್ದರು ಎಂದು ಬರೆಯಲು ಕೈ ತುರಿಸುತ್ತದೆ. ಸೋತರು. ಆದರೆ ಅವನ ಹುಡುಗಿಯರು ಬಡಿದ ಚೆಂಡುಗಳಿಗೆಲ್ಲ ನನ್ನ ಮಗಳು ನೆಲಕ್ಕೆ ಬಿದ್ದು ಬಿದ್ದು ಮೈಯೊಡ್ಡಿದಳು. ಜಾಗ ಸಾಲದೆಂದು ಅವನು ಕಳಿಸಿದ್ದ ಹುಡುಗಿ ಅಂಕಣದ ಮೂಲೆಮೂಲೆಯಲ್ಲೂ ಇದ್ದಳು. ಆಟ ಮುಗಿದು ಎರಡೂ ಕಡೆಯವರು ಸಾಲಾಗಿ ಕೈ ಕುಲುಕುವಾಗ, ಹಿಂದೊಮ್ಮೆ ಅವನ ಕಾಲಿಗೆ ಬಗ್ಗಿದ್ದವಳು ನೆಟ್ಟಗೆ ನಿಂತು ಏನೋ ಹೇಳಿದಳು. ಅವನ ಮುಖ ಕೆಂಪಾಯಿತು.

ಮನೆಗೆ ಬರುವಾಗ ಅವಳೂ ನಮ್ಮ ಕಾರಿನಲ್ಲಿದ್ದಳು. ಏನು ಹೇಳಿದೆ ಎಂದು ಕೇಳಿದೆ.

"ಥ್ಯಾಂಕ್ಸ್ ಫಾರ್ ದ ಹ್ಯಾಟ್, ಕೋಚ್. ಇಟ್ ಫಿಟ್ಸ್ ಮೈ ಡ್ಯಾಡ್ ಬೆಟರ್" ಎಂದಳು, ಮೊಣಕಾಲಿಗೆ ಐಸು ಒತ್ತಿಕೊಳ್ಳುತ್ತ.

ಇವರು ಪೇಟ ಇಟ್ಟುಕೊಂಡೇ ಡ್ರೈವ್ ಮಾಡುತ್ತಿದ್ದರು. ನಾನು ಹಿಂದಕ್ಕೆ ತಿರುಗಿ ಕೂತೆ.

"ಇನ್ನೊಂದ್ಸಲ ಹೇಳು" ಎಂದೆ.

ಹೇಳಿದಳು. ಸ್ಯಾನ್ ರಮೋನ್‌ನ ಎಕ್ಸಿಟ್ ಬರುವವರೆಗೂ ಹೇಳಿಸಿದೆ.