ಮೈಲ್ಡ್ ಅಂದರೆ ಯಾರಿಗೆ?

ಕಳೆದ ವರ್ಷ, ದೀಪಾವಳಿ ಮುಗಿದ ವಾರ. ಆಗ ನಾನು ಹೊಳೆನರಸೀಪುರದ ಒಂದು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಆಯಾ ಆಗಿದ್ದೆ. ನಿವೃತ್ತಿಗೆ ಕೆಲವೇ ತಿಂಗಳು ಉಳಿದಿತ್ತು. ಹೆರಿಗೆಗೆ ಬಂದವರ ಬೆನ್ನು ನೀವುವುದು, ಬಟ್ಟೆ ಬದಲಿಸುವುದು, ಹುಟ್ಟಿದ ಮಗುವನ್ನು ಒರೆಸಿ ಬೆಚ್ಚಗೆ ಸುತ್ತುವುದು, ವಾರ್ಡು ತೊಳೆಯುವುದು, ಹೊರಗೆ ಕಾಯುತ್ತಿರುವವರಿಗೆ ಸುದ್ದಿ ಮುಟ್ಟಿಸುವುದು, ಇವೆಲ್ಲ ನನ್ನ ಕೆಲಸ. ಓದಿದ್ದು ನಾಲ್ಕನೇ ಕ್ಲಾಸು. ಆ ವಾರ್ಡಿನಲ್ಲಿ ಎಷ್ಟು ಮಕ್ಕಳನ್ನು ಎತ್ತಿಕೊಂಡೆನೋ ಲೆಕ್ಕವಿಟ್ಟವರಿಲ್ಲ. ಅವರಲ್ಲಿ ಒಂದೇ ಒಂದು ಮಗುವಿನ ಸಂಗತಿ ಹೇಳಲು ಕೂತಿದ್ದೇನೆ. ಆ ಮಗು ನನ್ನ ಮೊಮ್ಮಗಳು. ಹೇಳಲು ಶುರು ಮಾಡಿದರೆ ಈಗಲೂ ನಗು ತಡೆಯುವುದಿಲ್ಲ, ಓದುವವರು ಸಹಿಸಿಕೊಳ್ಳಬೇಕು. ನಾನು ಹೇಳುತ್ತಿದ್ದೇನೆ, ಮಗಳು ಚೈತ್ರ ಟೈಪ್ ಮಾಡುತ್ತಿದ್ದಾಳೆ. ಅವಳು ಒಪ್ಪಿದ್ದಷ್ಟೇ ಇಲ್ಲಿದೆ.

ಚೈತ್ರ ನನಗೆ ಒಬ್ಬಳೇ ಮಗಳು. ಅರಕಲಗೂಡಿಗೆ ಕೊಟ್ಟಿದ್ದೇವೆ. ಅಳಿಯ ಮಹೇಶ ಗೂಡ್ಸ್ ಆಟೊ ಓಡಿಸುತ್ತಾನೆ, ಇವಳು ಅಲ್ಲೇ ಒಂದು ಜೆರಾಕ್ಸ್ ಅಂಗಡಿಯಲ್ಲಿ ಟೈಪಿಂಗ್ ಕೆಲಸಕ್ಕಿದ್ದಾಳೆ. ಚಿಕ್ಕಂದಿನಿಂದಲೂ ಅವಳ ರೀತಿಯೇ ಬೇರೆ. ಜನ ಸೇರಿದ ಕಡೆ ಕಿವಿ ಮುಚ್ಚಿಕೊಳ್ಳುವಳು. ಮುಖ ನೋಡಿ ಮಾತಾಡುತ್ತಿರಲಿಲ್ಲ. ಹೊಲಿಗೆ ಚುಚ್ಚುತ್ತದೆ ಎಂದು ಹೊಸ ಲಂಗವನ್ನು ಒಳಹೊರಗು ಮಾಡಿ ಹಾಕಿಕೊಳ್ಳುವಳು. ಜಂಬ ಎಂದವರಿದ್ದರು, ಪೆದ್ದು ಎಂದವರೂ ಇದ್ದರು. ಮದುವೆಯಾದ ಮೇಲೆ ತಾನೇ ಮೊಬೈಲಿನಲ್ಲಿ ಓದಿ ತಿಳಿದುಕೊಂಡು, "ಹಾಸನದಲ್ಲಿ ಒಬ್ರು ಡಾಕ್ಟ್ರವ್ರೆ, ಓಗಣ" ಎಂದಳು. ಮಹೇಶನಿಗೆ ಬಾಡಿಗೆ ಇತ್ತು, ನಾನು ಜೊತೆಗೆ ಹೋದೆ.

ಅಲ್ಲಿ ಕಾಯುವ ಬೆಂಚಿನಲ್ಲಿ ನಮ್ಮ ಪಕ್ಕ ಒಬ್ಬ ತಾಯಿ, ಮೀಸೆ ಬಂದ ಮಗ. ಮಗನಿಗೆ ಮಾತಿಲ್ಲ. ಕೈ ಆಡಿಸುತ್ತ ಹಿಂದೆ ಮುಂದೆ ತೂಗುತ್ತಿದ್ದ. "ನಮ್ದು ಸಿವಿಯರ್ ಕಣಮ್ಮ, ಬಾಳ ಜಾಸ್ತಿ" ಎಂದು ಆ ತಾಯಿ ನಿಟ್ಟುಸಿರು ಬಿಟ್ಟಳು. ಅವನ ಮಡಿಲಲ್ಲಿ ಒಂದು ಟ್ಯಾಬ್ ಇತ್ತು, ಅಕ್ಷರ ಒತ್ತಿದರೆ ಅದೇ ಮಾತಾಡುತ್ತದೆ. ಅವನು ನಿಧಾನವಾಗಿ ಒತ್ತಿದ. ಟ್ಯಾಬ್ ಹೇಳಿತು: "ನನಗೆ ಅಷ್ಟೇನಿಲ್ಲ. ಅಮ್ಮನಿಗೆ ಜಾಸ್ತಿ."

ತಾಯಿ ನಗಲಾರದೆ ಅಳಲಾರದೆ ಅವನ ಬೆನ್ನಿಗೊಂದು ಗುದ್ದಿದಳು. ಗುರುತಿಲ್ಲದವರ ನಡುವೆ ಚೈತ್ರ ಅಷ್ಟು ಜೋರಾಗಿ ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಡಾಕ್ಟರು ಬಹಳ ಹೊತ್ತು ಮಾತಾಡಿಸಿ, ಇದು ಆಟಿಸಂ ಎಂದರು. ಹುಟ್ಟಿನಿಂದಲೇ ಮಿದುಳು ಸದ್ದು, ಬೆಳಕು, ಮುಟ್ಟುವುದು, ಜನರ ಮಾತು ಎಲ್ಲವನ್ನೂ ಬೇರೆ ಥರ ತೆಗೆದುಕೊಳ್ಳುತ್ತದೆ ಎಂದು ನನಗೆ ಅರ್ಥವಾಗುವ ಹಾಗೆ ವಿವರಿಸಿದರು. "ಗಾಬರಿ ಬೇಡಮ್ಮ, ಮೈಲ್ಡ್" ಎಂದು ಸೇರಿಸಿದರು. ನನಗೆ ಆ ಒಂದು ಪದ ಸಾಕಾಯಿತು. ವಾಪಸ್ಸು ಬಸ್ಸಿನಲ್ಲಿ ಹೇಳಿದೆ, "ಸದ್ಯ, ಒಂಚೂರೇ ಅಂತೆ ಬುಡು."

ಚೈತ್ರ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. "ಮೈಲ್ಡ್ ಅಂದ್ರೆ ಯಾರಿಗವ್ವ? ನನ್ ಜೊತೇಲಿರೋರಿಗೆ. ನಂಗಲ್ಲ."

"ಅಂಗಂದ್ರೆ?"

"ಅಂಗ್ಡೀಲಿ ಒಬ್ಳೇ ಟೈಪ್ ಮಾಡೋವಾಗ ನಂಗೇನೂ ಇಲ್ಲ. ಮದ್ವೆ ಮನೇಲಿ ಸುಮ್ನೆ ನಗ್ತಾ ನಿಂತಿರ್ತೀನಲ್ಲ, ಅವತ್ತು ಬಾಳ ಇರ್ತದೆ. ನೀನು ನಗೋದನ್ನ ಮಾತ್ರ ನೋಡ್ತೀಯ."

ಹೂಂ ಎಂದೆ. ಅರ್ಧ ಅರ್ಥವಾಯಿತು, ಅರ್ಧ ಬಸ್ಸಿನ ಸದ್ದಿನಲ್ಲಿ ಹೋಯಿತು.

ಚೊಚ್ಚಲ ಬಸಿರು ಎಂದು ಅವಳು ತವರಿಗೆ ಬಂದಳು. ದೀಪಾವಳಿ ಕಳೆದ ವಾರದಲ್ಲಿ ಒಂದು ಬೆಳಿಗ್ಗೆ ತಿಂಡಿಯ ಹೊತ್ತಿಗೆ, "ಅವ್ವ, ಶುರುವಾಯ್ತು" ಎಂದಳು. ಮಾರ್ಕೆಟ್ಟಿಗೆ ಹೋಗೋಣ ಎನ್ನುವ ದನಿಯಲ್ಲಿ ಹೇಳಿದಳು. ನಮ್ಮ ಆಸ್ಪತ್ರೆಗೇ ಸೇರಿಸಿದೆ. ಡ್ಯೂಟಿಯಲ್ಲಿದ್ದ ಸಿಸ್ಟರ್ ಪರೀಕ್ಷೆ ಮಾಡಿ, ಮೂರು ಸೆಂಟಿಮೀಟರ್ ಎಂದರು. ಗರ್ಭಕೋಶದ ಬಾಯಿ ಮೂರು ಸೆಂಟಿಮೀಟರ್ ತೆರೆದಿದೆ ಎಂದು ಅರ್ಥ, ಹತ್ತಾದರೆ ಹೆರಿಗೆಗೆ ಸಿದ್ಧ. ಮೊದಲ ಹೆರಿಗೆ ಸಾಮಾನ್ಯವಾಗಿ ನಿಧಾನ, ಆದ್ದರಿಂದ ಮತ್ತೆ ನೋಡುವುದು ಮಧ್ಯಾಹ್ನದ ಮೇಲೆ ಎಂದರು. ಅದು ಸರಿಯಾದ ಕ್ರಮವೇ.

ವಾರ್ಡು ತುಂಬಿತ್ತು. ಟ್ಯೂಬ್‌ಲೈಟ್ ಒಂದು ಪಟಪಟ ಮಿಣುಕುತ್ತಿತ್ತು. ಪಕ್ಕದ ಮಂಚದವಳ ಕಡೆಯವರು ಫೋನಿನಲ್ಲಿ ಜಗಳವಾಡುತ್ತಿದ್ದರು. ಟ್ರಾಲಿಯ ಚಕ್ರ ಕಿರ್ರೆನ್ನುತ್ತಿತ್ತು. ಚೈತ್ರ ಮಂಚದ ಅಂಚಿನಲ್ಲಿ ಕಬ್ಬಿಣದ ಸರಳು ಹಿಡಿದು ಕೂತಿದ್ದಳು. ಮುಖ ನೋಡಿದರೆ ಬಸ್ಸಿಗೆ ಕಾಯುತ್ತಿರುವವಳಂತೆ.

ನಮ್ಮ ಕೆಲಸದಲ್ಲಿ ಕಣ್ಣು ಕಿವಿಯೇ ಮುಖ್ಯ. ಹೆಂಗಸು ಅವ್ವನನ್ನು ಕೂಗುತ್ತಿದ್ದರೆ ಇನ್ನೂ ಹೊತ್ತಿದೆ. ಗಂಡನನ್ನು ಬೈಯಲು ಶುರು ಮಾಡಿದರೆ ಅರ್ಧ ದಾರಿ. ಗಂಡನನ್ನು ಬಿಟ್ಟು ನಮ್ಮನ್ನು ಬೈದು, "ನನ್ ಕೈಲಾಗಲ್ಲ, ಮನೆಗೆ ಕಳ್ಸಿ" ಎಂದರೆ ಹೆರಿಗೆ ಟೇಬಲ್ ಸಿದ್ಧ ಮಾಡಬೇಕು. ಅಷ್ಟು ವರ್ಷದಲ್ಲಿ ಈ ಲೆಕ್ಕ ನನಗೆ ಕೈಕೊಟ್ಟಿದ್ದು ಕಡಿಮೆ. ಚೈತ್ರ ಯಾರನ್ನೂ ಬೈಯುತ್ತಿರಲಿಲ್ಲ.

"ಅವ್ವ, ಒಂಬತ್ತು" ಎಂದಳು.

"ಏನವ್ವ ಒಂಬತ್ತು?"

"ನೋವು. ಹತ್ತಕ್ಕೆ."

ಪಕ್ಕದ ಮಂಚದಲ್ಲಿ ಡ್ರಿಪ್ ಹಾಕುತ್ತಿದ್ದ ಸಿಸ್ಟರ್ ನಕ್ಕರು. "ಒಂಬತ್ತಾಗಿದ್ರೆ ಇಷ್ಟೊತ್ಗೆ ಈ ಬಿಲ್ಡಿಂಗ್ ಎತ್ತಾಕಿರ್ತಿದ್ದೆ ಕಣವ್ವ! ಸಂಜೆ ಆಗ್ತದೆ, ಒಂಚೂರು ಓಡಾಡು."

ನನ್ನ ಕಣ್ಣಿಗೂ ಅದೇ ಕಂಡಿತು. ಬೆನ್ನು ನೀವಲು ಹೋದೆ, ಬಿಸಿ ತಾಗಿದವಳಂತೆ ಸರಿದುಕೊಂಡಳು. ಆಮೇಲೆ ಮಾತು ನಿಂತಿತು. ಸರಳು ಹಿಡಿದ ಬೆರಳುಗಳು ಬಿಳಿಚಿಕೊಂಡಿದ್ದವು. ಇನ್ನೊಂದು ನೋವು ಬಂದು ಹೋಯಿತೆಂದು ಕಾಣುತ್ತದೆ, ಸರಳು ಬಿಟ್ಟು ಎರಡೂ ಕೈಯ ಬೆರಳನ್ನು ಬಿಡಿಸಿ ನನ್ನ ಮುಂದೆ ಹಿಡಿದಳು. ಹತ್ತು.

ಮುಖದಲ್ಲಿ ಒಂದು ಗೆರೆಯೂ ಅಲುಗಿರಲಿಲ್ಲ. ಬಸ್ಸಿನಲ್ಲಿ ಹೇಳಿದ ಮಾತು ಆಗ ನೆನಪಾಯಿತು. ಕಣ್ಣು ಸಂಜೆ ಅನ್ನುತ್ತದೆ, ಮಗಳು ಈಗ ಅನ್ನುತ್ತಾಳೆ. ನನ್ನ ಕಣ್ಣು ಸರಿಯಿದ್ದರೆ ನಾಲ್ಕು ಬೈಗುಳ ತಿಂದರಾಯಿತು. ಮಗಳು ಸರಿಯಿದ್ದು ನಾವು ಕಾಯುತ್ತ ಕೂತರೆ, ಒಳಗಿರುವ ಕೂಸಿನ ಗತಿಯೇನು? ಚಪ್ಪಲಿ ಹುಡುಕದೆ ಒಪಿಡಿ ಕಡೆ ಓಡಿದೆ.

ಅಲ್ಲಿ ಚೀಟಿ ಬರೆಯುತ್ತಿದ್ದ ನಮ್ಮ ಹೆರಿಗೆ ವಾರ್ಡಿನ ಡಾಕ್ಟರಮ್ಮ ತಲೆ ಎತ್ತಿದರು. "ಏನ್ ಆಯಮ್ಮ, ಹಿಂಗೆ ನುಗ್ಗಿದ್ರಿ?"

"ನನ್ ಮಗಳು ನೋವು ಹತ್ತಕ್ಕೆ ಹತ್ತು ಅಂತಾವ್ಳೆ ಮೇಡಂ."

"ಸಿಸ್ಟರ್ ಏನಂದ್ರು?"

"ಸಂಜೆ ಅಂದ್ರು. ನೋಡಿದ್ರೆ ನಂಗೂ ಅಂಗೇ ಕಾಣ್ತದೆ."

"ಮತ್ತೆ?"

"ಅವ್ಳು ಇಲ್ಲದ್ದ ಹೇಳಕ್ಕಿಲ್ಲ ಮೇಡಂ."

"ಆಟಿಸಂ ಇದೆ ಅಲ್ವಾ ಅವಳಿಗೆ? ಮೈಲ್ಡ್ ಅಂದಿದ್ರಿ."

"ಅಂದೋರು ಅಂಗಂದವ್ರೆ. ನೀವು ಬಂದು ಅವ್ಳುನ್ನೇ ಕೇಳ್ಬುಡಿ."

ಅವರು ಪೆನ್ನು ಇಟ್ಟು ಎದ್ದರು. ಡಾಕ್ಟರಮ್ಮ ಹಾಗೆ ಎದ್ದು ಬಂದರಲ್ಲ, ಅದಕ್ಕೆ ಇವತ್ತಿಗೂ ಕೈ ಮುಗಿಯುತ್ತೇನೆ.

ಮಂಚದ ಹತ್ತಿರ ಬಗ್ಗಿ, ಮೆಲ್ಲಗೆ ಕೇಳಿದರು. "ಚೈತ್ರ, ನಿನ್ನ ಆಟಿಸಂ ಈಗ ಎಷ್ಟಿದೆ?"

ಅಲ್ಲಿಯವರೆಗೆ ಯಾರೂ ಅವಳನ್ನು ಹಾಗೆ ಕೇಳಿರಲಿಲ್ಲ. ಹಾಸನದಲ್ಲಿ ಕೇಳಿದ್ದು ಅವಳು ಏನು ಮಾಡುತ್ತಾಳೆ, ಏನು ಮಾಡುವುದಿಲ್ಲ ಎಂದು. ಅವಳಿಗೆ ಎಷ್ಟು ಎಂದಲ್ಲ. ನೆಲ ನೋಡಿಕೊಂಡೇ ಒಂದೊಂದೇ ಪದ ಎಳೆದು ತಂದಳು.

"ಈಗ ಬಾಳ. ಲೈಟ್ ಆರ್ಸಿ. ಒಬ್ರೇ ಮಾತಾಡಿ. ಮುಟ್ಟೋಕ್ ಮುಂಚೆ ಹೇಳಿ. ಆಗ ಕಮ್ಮಿ ಆಗ್ತದೆ."

ಡಾಕ್ಟರಮ್ಮ ತಾವೇ ಹೋಗಿ ಮಿಣುಕುವ ಲೈಟು ಆರಿಸಿದರು. ಕಿಟಕಿಯ ಬೆಳಕು ಬೇಕಾದಷ್ಟಿತ್ತು. ಫೋನಿನ ಜಗಳ ಹೊರಗೆ ಹೋಯಿತು. "ಈಗ ಮುಟ್ತೀನಿ" ಎಂದು ಹೇಳಿ ಮುಟ್ಟಿದರು. ಚೈತ್ರಳ ಹೆಗಲು ಇಳಿದದ್ದು ನನಗೇ ಕಾಣಿಸಿತು. ಮರುಗಳಿಗೆಯಲ್ಲಿ ಡಾಕ್ಟರಮ್ಮನ ದನಿ ಬದಲಾಯಿತು. "ಸಿಸ್ಟರ್, ಫುಲ್ ಡೈಲೇಟ್. ಟೇಬಲ್." ಬಾಯಿ ಪೂರ್ತಿ ತೆರೆದಿತ್ತು.

ಡಾಪ್ಲರ್ ಎಂದರೆ ಹೊಟ್ಟೆಯ ಮೇಲಿಟ್ಟರೆ ಮಗುವಿನ ಎದೆಬಡಿತ ಕೇಳಿಸುವ ಯಂತ್ರ. ಓಡುವ ಕುದುರೆಯ ಹಾಗೆ ಕೇಳಬೇಕು. ನೋವು ಬಂದಾಗ ಕುದುರೆ ನಿಧಾನವಾಯಿತು, ನೋವು ಹೋದ ಮೇಲೂ ಓಡಲು ತಡ ಮಾಡಿತು. ಯಾರೂ ನನಗೆ ವಿವರಿಸಬೇಕಾಗಿರಲಿಲ್ಲ. ಸಂಜೆ ಎಂದು ನಕ್ಕಿದ್ದ ಸಿಸ್ಟರೇ ಎಲ್ಲರಿಗಿಂತ ಮುಂಚೆ ಟೇಬಲ್ ಬಳಿ ಇದ್ದರು.

ಒಳಗೆ ಡಾಕ್ಟರಮ್ಮ ಒಬ್ಬರದೇ ಮಾತು. ಚೈತ್ರ ಕೂಗಲಿಲ್ಲ, ಒಂದೇ ಶ್ರುತಿಯಲ್ಲಿ ಗುಂಯ್ ಎನ್ನುತ್ತಿದ್ದಳು. ತಲೆ ಬಂತು. ಕೊರಳಿಗೆ ಹೊಕ್ಕುಳಬಳ್ಳಿ ಬಿಗಿಯಾಗಿ ಸುತ್ತಿತ್ತು. ಡಾಕ್ಟರಮ್ಮ ಬೆರಳು ತೂರಿಸಿ ಅದನ್ನು ತಲೆಯ ಮೇಲಿಂದ ಜಾರಿಸಿ ಬಿಡಿಸಿದರು. ಕೂಸು ಹೊರಬಂತು. ನೀಲಿಗಟ್ಟಿತ್ತು, ಸದ್ದಿಲ್ಲ. ನಾನು ಬಟ್ಟೆ ಹಿಡಿದು ನಿಂತಿದ್ದೆ. ಸಿಸ್ಟರ್ ಬಾಯಿ ಸ್ವಚ್ಛ ಮಾಡಿ ಬೆನ್ನು ಉಜ್ಜಿದರು, ಉಜ್ಜಿದರು. ಆಮೇಲೆ ಬೆಕ್ಕಿನ ಮರಿಯಂತೆ ಒಂದು ಕೀಚಲು. ಅದರ ಹಿಂದೆಯೇ ಹೆಂಚು ಹಾರಿಹೋಗುವಂಥ ಅಳು!

"ಹೆಣ್ಣು ಕಣವ್ವೋ!" ಎಂದು ಅರಚಿದೆ. ಒಬ್ಬರೇ ಮಾತಾಡಬೇಕೆನ್ನುವುದು ನನಗೇ ಮರೆತುಹೋಗಿತ್ತು.

ಎಲ್ಲ ತಿಳಿಯಾದ ಮೇಲೆ ಡಾಕ್ಟರಮ್ಮ ಚೈತ್ರಳಿಗೆ ಹೇಳಿದರು, "ಸಂಜೆವರೆಗೆ ಕಾದಿದ್ರೆ ಮಗುಗೆ ಕಷ್ಟ ಆಗ್ತಿತ್ತು. ನೀನು ಹೇಳಿದ್ದು ಒಳ್ಳೇದಾಯ್ತು." ಸಿಸ್ಟರ್ ಸೆರಗಿನಲ್ಲಿ ಮುಖ ಒರೆಸಿಕೊಂಡು ಗದರಿದರು. "ಅಷ್ಟು ನೋವಿದ್ರೆ ಕೂಗೋಕೆ ನಿಂಗೇನು ದಾಡಿ?"

"ಕೂಗಿದ್ರೆ ಸದ್ದಾಗ್ತದಲ್ಲ ಸಿಸ್ಟರ್" ಎಂದಳು ಚೈತ್ರ.

ಮಹೇಶ ಅರಕಲಗೂಡಿನಿಂದ ಬಂದು ಹೊರಗೆ ನಿಂತಿದ್ದ. ಸುದ್ದಿ ಕೇಳಿ, "ಇಬ್ರೂ? ಇಬ್ರೂ ಚೆನ್ನಾಗವ್ರಾ ಅತ್ತೆ?" ಎಂದು ಮತ್ತೆ ಮತ್ತೆ ಅದನ್ನೇ ಕೇಳಿದ. ಎಷ್ಟು ಸಲ ಕೇಳಿದನೋ ಅಷ್ಟು ಸಲವೂ ಹೂಂ ಎಂದೆ. ನನಗೆ ನಾನೂ ಅದನ್ನೇ ಹೇಳಿಕೊಳ್ಳಬೇಕಿತ್ತು.

ಉಳಿದ ತಿಂಗಳುಗಳಲ್ಲಿ ನಾನು ಕೆಲಸ ಮಾಡಿದ ರೀತಿ ಬದಲಾಯಿತು. ಕೂಗುವವಳನ್ನೂ ಸುಮ್ಮನಿರುವವಳನ್ನೂ ಒಂದೇ ಥರ ಕೇಳುತ್ತಿದ್ದೆ: ಎಷ್ಟದೆ ಮಗಾ? ಅವಳು ಹೇಳಿದ್ದನ್ನು ಕೂಡದೆ ಕಳೆಯದೆ ಸಿಸ್ಟರಿಗೆ ಮುಟ್ಟಿಸುತ್ತಿದ್ದೆ. ಎಷ್ಟು ಎನ್ನುವುದು ಅನುಭವಿಸುವವರಿಗೆ ಮಾತ್ರ ಗೊತ್ತು. ನಮ್ಮ ಕಣ್ಣಿಗೆ ಬೀಳುವುದು ಹೊರಗೆ ಚೆಲ್ಲಿದ್ದು ಅಷ್ಟೆ. ನೋವಿಗೂ ಅದೇ, ಆಟಿಸಮ್ಮಿಗೂ ಅದೇ.

ಬಾಣಂತನದಲ್ಲಿ ಚನ್ನರಾಯಪಟ್ಟಣದ ಕಡೆಯ ಬಾಗೂರಿನಿಂದ ನನ್ನ ನಾದಿನಿ ಬಂದಳು. ಬಾಗಿಲಲ್ಲೇ ನನ್ನ ತೋಳು ಹಿಡಿದು, ಪಿಸುಗುಟ್ಟುತ್ತೇನೆಂದುಕೊಂಡು ಬೀದಿಗೆಲ್ಲ ಕೇಳುವ ಹಾಗೆ ವಿಚಾರಿಸಿದಳು. "ಅತ್ತಿಗೆ, ಮಗು ಅತ್ರೆ ಇವ್ಳು ತಡ್ಕೊತಾಳಾ? ಈಗ ಎಷ್ಟದೆ ಅದು ಅವ್ಳಿಗೆ?"

"ಒಳಗವ್ಳೆ. ಓಗಿ ಕೇಳು."

ಚೈತ್ರ ಕಿವಿಗೆ ಹತ್ತಿ ಇಟ್ಟುಕೊಂಡು, ಮಗುವನ್ನು ಹೆಗಲಿಗೆ ಹಾಕಿ ತಟ್ಟುತ್ತಿದ್ದಳು. ಮಾತು ಕೇಳಿಸಿತ್ತು.

"ಅತ್ತೆ, ಇವ್ಳು ಅತ್ರೆ ನಂಗೆ ಏಳು. ಹತ್ತಿ ಇಟ್ಕೊಂಡ್ರೆ ಮೂರು. ನೀವು ಬಂದ್ಮೇಲೆ ಐದು."

ನಾದಿನಿ ಸದ್ದಾಗದಂತೆ ಬಳೆಗಳನ್ನು ಮೊಣಕೈ ಕಡೆಗೆ ಏರಿಸಿ, ಮೆಲ್ಲಗೆ ಪಕ್ಕದಲ್ಲಿ ಕೂತು, ಮಗುವಿಗೆ ಕೈ ಚಾಚಿದಳು.

"ಈಗೆಷ್ಟವ್ವ?"

"ನಾಲ್ಕು" ಎಂದು ಚೈತ್ರ ಮಗುವನ್ನು ಕೊಟ್ಟಳು.